ಚಿತ್ರಹಿಂಸೆಗೆ ಗೋಪ್ಯತೆಯ ರಕ್ಷಾಕವಚ

2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಹೊರದೇಶಗಳಲ್ಲಿ ತೆರೆದ ರಹಸ್ಯ ಬಂಧನ ಕೇಂದ್ರಗಳಲ್ಲಿ ಏನು ನಡೆಯಿತೆಂಬುದು ಈಗ ಬಹುಮಟ್ಟಿಗೆ ಬಹಿರಂಗವಾಗಿದೆ. ಆದರೂ ಆ ಕಾರ್ಯಕ್ರಮವನ್ನು ರೂಪಿಸಿ ಅದಕ್ಕೆ ಅನುಮತಿ ನೀಡಿದವರಲ್ಲಿ ಒಬ್ಬರಿಗೂ ಆ ದೇಶದ ನ್ಯಾಯಾಲಯಗಳಲ್ಲಿ ಶಿಕ್ಷೆಯಾಗಿಲ್ಲ. ಕಾನೂನು ಅಭಿಪ್ರಾಯ ಮತ್ತು ಗೋಪ್ಯತೆ ಎಂಬ ಎರಡು ಸಾಧನಗಳನ್ನು ಸರ್ಕಾರವು ತನ್ನ ರಕ್ಷಣೆಗೆ ಬಳಸಿಕೊಂಡ ಬಗೆಯೇ ಇದಕ್ಕೆ ಮುಖ್ಯ ಕಾರಣ.

ಸೆನೆಟ್‌ನ ಗುಪ್ತಚರ ಸಮಿತಿಯು 2014ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ವರದಿಯ ಸಾರಾಂಶದ ಪ್ರಕಾರ, ಸಿಐಎ ವಶದಲ್ಲಿದ್ದ ಕನಿಷ್ಠ 119 ಮಂದಿಯ ಪೈಕಿ 26 ಮಂದಿಯನ್ನಾದರೂ ನಿಗದಿತ ಮಾನದಂಡಕ್ಕೆ ವಿರುದ್ಧವಾಗಿ ಬಂಧಿಸಲಾಗಿತ್ತು. ಅಬು ಜುಬೈದಾ ಎಂಬಾತನನ್ನು 2002ರ ಆಗಸ್ಟ್‌ನಲ್ಲಿ ಕನಿಷ್ಠ 83 ಬಾರಿ ‘ವಾಟರ್‌ಬೋರ್ಡಿಂಗ್’ಗೆ, ಅಂದರೆ ಹಲಗೆಗೆ ಬಿಗಿದು, ಮುಖಕ್ಕೆ ಬಟ್ಟೆ ಹೊದಿಸಿ ನೀರು ಸುರಿಯುತ್ತಾ ಉಸಿರುಗಟ್ಟಿಸುವ ಹಿಂಸೆಗೆ ಒಳಪಡಿಸಲಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ, ಅಫ್ಗಾನಿಸ್ತಾನದ ರಹಸ್ಯ ಕೇಂದ್ರವೊಂದರಲ್ಲಿ, ಸೊಂಟದ ಕೆಳಗೆ ಬಟ್ಟೆಯಿಲ್ಲದೆ ಬರಿ ಕಾಂಕ್ರೀಟ್ ನೆಲದ ಮೇಲೆ ಸರಪಳಿಯಲ್ಲಿ ಕೂಡಿಸಿದ್ದ ಕೈದಿಯೊಬ್ಬ ಚಳಿಗೆ ಸತ್ತನೆಂದು ಶಂಕಿಸಲಾಗಿದೆ. ನಾಲ್ಕು ತಿಂಗಳ ನಂತರ ಆ ಕೇಂದ್ರದ ಹೊಣೆ ಹೊತ್ತಿದ್ದ ಅಧಿಕಾರಿಗೆ ಉತ್ತಮ ಸೇವೆಗಾಗಿ 2,500 ಡಾಲರ್ ಬಹುಮಾನ ನೀಡುವಂತೆ ಶಿಫಾರಸು ಹೋಯಿತು.

ಇಂಥ ಕೃತ್ಯಗಳಿಗೆ ನ್ಯಾಯಾಂಗ ಇಲಾಖೆಯು 2002ರ ಆಗಸ್ಟ್ 1ರಂದೇ ಸಮರ್ಥನೆ ಒದಗಿಸಿತ್ತು. ಅಂಗಾಂಗ ವೈಫಲ್ಯ ಅಥವಾ ಸಾವಿಗೆ ಸಮನಾದ ನೋವನ್ನು ಮಾತ್ರ ದೈಹಿಕ ಚಿತ್ರಹಿಂಸೆಯೆಂದು ಪರಿಗಣಿಸಬೇಕೆಂಬ ಅದರ ಟಿಪ್ಪಣಿಗೆ ಸಹಿ ಹಾಕಿದ ಜೇ ಬೈಬಿ ಮರುವರ್ಷವೇ ಫೆಡರಲ್ ಮೇಲ್ಮನವಿ ನ್ಯಾಯಾಧೀಶರಾದರು. ಇಂಥ ಸಲಹೆಯನ್ನು ನಂಬಿ, ಅದರ ಮಿತಿಯೊಳಗೆ ನಡೆದುಕೊಂಡವರನ್ನು ವಿಚಾರಣೆಗೆ ಗುರಿಪಡಿಸುವುದಿಲ್ಲವೆಂದು 2009ರಲ್ಲಿ ಒಬಾಮ ಆಡಳಿತ ಘೋಷಿಸಿತು.

ಸಂತ್ರಸ್ತರು ತಾವಾಗಿಯೇ ನ್ಯಾಯಾಲಯಕ್ಕೆ ಹೋದಾಗ ಅಡ್ಡಬಂದದ್ದು ‘ರಾಜ್ಯ ರಹಸ್ಯದ ವಿಶೇಷಾಧಿಕಾರ’, ಅಂದರೆ ರಾಷ್ಟ್ರೀಯ ಭದ್ರತೆಯ ಕಾರಣ ಮುಂದಿಟ್ಟು ಸಾಕ್ಷ್ಯವನ್ನು ತಡೆಹಿಡಿಯುವ ಹಕ್ಕು. ತಪ್ಪು ಗುರುತಿನಿಂದ ಮ್ಯಾಸಿಡೋನಿಯಾದಲ್ಲಿ ಸೆರೆಸಿಕ್ಕು ಅಫ್ಗಾನಿಸ್ತಾನದಲ್ಲಿ ತಿಂಗಳುಗಟ್ಟಲೆ ಬಂಧನದಲ್ಲಿದ್ದ ಜರ್ಮನ್ ಪ್ರಜೆ ಖಾಲಿದ್ ಎಲ್-ಮಸ್ರಿಯ ದಾವೆಯನ್ನು ಈ ನೆಲೆಯಲ್ಲೇ ವಜಾ ಮಾಡಲಾಯಿತು. ಅದೇ ವ್ಯಕ್ತಿಯ ದೂರನ್ನು ಆಲಿಸಿದ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು 2012ರಲ್ಲಿ ಮ್ಯಾಸಿಡೋನಿಯಾವನ್ನು ಹೊಣೆಯಾಗಿಸಿ 60,000 ಯೂರೊ ಪರಿಹಾರ ವಿಧಿಸಿತು. ಹೀಗೆ ಸಹಕರಿಸಿದ ಸಣ್ಣ ರಾಷ್ಟ್ರ ದಂಡ ತೆತ್ತಿತು, ಕಾರ್ಯಾಚರಣೆಯ ಒಡೆತನ ಹೊಂದಿದ್ದ ದೊಡ್ಡ ರಾಷ್ಟ್ರ ಪಾರಾಯಿತು.

ಈ ವಿಶೇಷಾಧಿಕಾರಕ್ಕೆ ಅಡಿಪಾಯ ಹಾಕಿದ 1953ರ ರೆನಾಲ್ಡ್ಸ್ ಪ್ರಕರಣದಲ್ಲಿ ವಾಯುಪಡೆಯ ಅಪಘಾತ ವರದಿಯನ್ನು ನ್ಯಾಯಮೂರ್ತಿಗಳು ಓದದೆಯೇ ಸರ್ಕಾರದ ಮಾತನ್ನು ಒಪ್ಪಿದ್ದರು. ದಶಕಗಳ ನಂತರ ಬಹಿರಂಗವಾದ ಆ ವರದಿಯಲ್ಲಿ ವಿಮಾನದ ನಿರ್ವಹಣಾ ಲೋಪಗಳು ದಾಖಲಾಗಿದ್ದವು. ಗೂಢಚರ್ಯೆಗೆ ಗೋಪ್ಯತೆ ಅಗತ್ಯವೆಂಬುದು ನಿಜ, ಆದರೆ ಯಾವುದು ಗೋಪ್ಯವೆಂಬುದನ್ನು ಆರೋಪಿಯ ಸ್ಥಾನದಲ್ಲಿರುವ ಸರ್ಕಾರವೇ ನಿರ್ಧರಿಸುವಂತಾಗಬಾರದು. ಅಮೆರಿಕವು 1994ರಲ್ಲಿ ಸ್ಥಿರೀಕರಿಸಿದ ವಿಶ್ವಸಂಸ್ಥೆಯ ಚಿತ್ರಹಿಂಸಾ ವಿರೋಧಿ ಒಡಂಬಡಿಕೆಯು ಯುದ್ಧಕಾಲದಲ್ಲೂ ವಿನಾಯಿತಿ ನೀಡುವುದಿಲ್ಲ. ಆದ್ದರಿಂದ ಸೆನೆಟ್ ಸಮಿತಿಯ 6,700ಕ್ಕೂ ಹೆಚ್ಚು ಪುಟಗಳ ಪೂರ್ಣ ವರದಿ ಪ್ರಕಟವಾಗಬೇಕು, ಮತ್ತು ರಹಸ್ಯವೆನ್ನುವ ಪ್ರತಿ ಕಡತವನ್ನೂ ನ್ಯಾಯಾಧೀಶರು ಸ್ವತಃ ಪರಿಶೀಲಿಸುವುದು ಕಡ್ಡಾಯವಾಗಬೇಕು.