ನಕ್ಷೆಯಲ್ಲಿ ಜಿಂಕೆಯ ಹಾದಿ

ಬೇಟೆಯ ಮಾತನ್ನು ವಿಜ್ಞಾನ ಪತ್ರಿಕೆಯಲ್ಲಿ ಎತ್ತುವುದು ಉಚಿತವೇ ಎಂದು ಕೆಲವು ವಾಚಕರು ಕೇಳಬಹುದು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಜಿಂಕೆಯ ಬೇಟೆ ಅಪರಾಧ. ಅದು ಹಾಗೆಯೇ ಇರತಕ್ಕದ್ದೆಂಬುದು ನಮ್ಮ ಮತ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿಯಾದರೋ ಪರವಾನಗಿ ಪಡೆದು, ಗೊತ್ತಾದ ಋತುವಿನಲ್ಲಿ ಬಿಳಿಬಾಲದ ಜಿಂಕೆಯನ್ನು ಬೇಟೆಯಾಡುವುದು ಶಾಸನಸಮ್ಮತವಾಗಿದೆ. ಅಲ್ಲಿಯ ಜಾಣ ಬೇಟೆಗಾರನು ಮರದ ಮೇಲೆ ಅಟ್ಟಣೆ ಕಟ್ಟುವುದಕ್ಕೆ ಮೊದಲು ಸ್ಥಳಾಕೃತಿ ನಕ್ಷೆಯನ್ನು ಮುಂದೆ ಹರಡಿಕೊಂಡು ಕುಳಿತುಕೊಳ್ಳುತ್ತಾನೆ. ಅವನು ಅದನ್ನು ಓದುವ ಕ್ರಮದಿಂದ ನಮ್ಮ ವಿದ್ಯಾರ್ಥಿಗಳು ಕಲಿಯಬೇಕಾದುದು ಬಹಳವಿದೆ.

1879ರಲ್ಲಿ ಸ್ಥಾಪಿತವಾದ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ಈ ನಕ್ಷೆಗಳನ್ನು ಪ್ರಕಟಿಸುತ್ತದೆ. ಅವುಗಳ ಪರಿಚಿತ ಪ್ರಮಾಣ 1:24,000. ಎಂದರೆ ಕಾಗದದ ಒಂದು ಅಂಗುಲ ನೆಲದ ಮೇಲೆ 2,000 ಅಡಿ. ಸಮಾನ ಎತ್ತರದ ಬಿಂದುಗಳನ್ನು ಕೂಡಿಸುವ ಕಂದುಬಣ್ಣದ ಗೆರೆಗಳೇ ಸಮೋನ್ನತಿ ರೇಖೆಗಳು. ಗೆರೆಗಳು ಒತ್ತಾಗಿದ್ದಲ್ಲಿ ನೆಲ ಕಡಿದು, ವಿರಳವಾಗಿದ್ದಲ್ಲಿ ಇಳಿಜಾರು ಮೆಲ್ಲನೆಯದು. ಇಷ್ಟನ್ನು ನಮ್ಮ ಪಠ್ಯಪುಸ್ತಕಗಳೂ ಹೇಳುತ್ತವೆ. ಬೇಟೆಗಾರನು ಇಲ್ಲಿಂದ ಮುಂದೆ ಹೋಗುತ್ತಾನೆ.

ಅಪಲಾಚಿಯನ್ ಪರ್ವತಗಳಲ್ಲಿ ಒಂದು ಏಣು, ಅದರ ಎರಡು ಶಿಖರಗಳು 2,000 ಅಡಿ ಎತ್ತರದವು, ನಡುವೆ ಕುದುರೆಯ ಜೀನಿನಂತೆ ತಗ್ಗಿದ ಸ್ಥಳ 1,700 ಅಡಿ ಎತ್ತರದ್ದು ಎಂದಿಟ್ಟುಕೊಳ್ಳೋಣ. ಗೆರೆಗೆ 20 ಅಡಿಯಂತೆ ಎಣಿಸಿದರೆ ಶಿಖರಕ್ಕೂ ತಗ್ಗಿಗೂ 15 ಗೆರೆಗಳ ಅಂತರ. ಕಣಿವೆಯಿಂದ ಕಣಿವೆಗೆ ದಾಟುವ ಜಿಂಕೆ ವ್ಯರ್ಥವಾಗಿ 300 ಅಡಿ ಹತ್ತುವುದೇಕೆ? ಅದು ತಗ್ಗನ್ನೇ ಹಿಡಿಯುತ್ತದೆ. ಇಳಿಜಾರಿನ ನಡುವೆ ಮೆಟ್ಟಿಲಿನಂತೆ ಚಾಚಿಕೊಂಡ ಸಮತಟ್ಟೂ ಅದಕ್ಕೆ ಸಹಜವಾದ ಹಾದಿಯೇ. ನವೆಂಬರಿನ ಸುಮಾರಿಗೆ ಗಂಡುಗಳು ಹೆಣ್ಣುಗಳನ್ನು ಅರಸುತ್ತ ಅಲೆಯುವಾಗ ಇಂತಹ ಎಡೆಗಳ ಬೆಲೆ ಇನ್ನೂ ಹೆಚ್ಚು.

ಸ್ಥಳ ಸಿಕ್ಕಿದೊಡನೆ ಕೆಲಸ ಮುಗಿಯಲಿಲ್ಲ. ಜಿಂಕೆಯು ಕಣ್ಣಿಗಿಂತ ಮೂಗನ್ನು ಹೆಚ್ಚು ನಂಬುವ ಪ್ರಾಣಿ. ಬೆಳಗ್ಗೆ ಬಿಸಿಲಿಗೆ ಕಾದ ಗಾಳಿ ಇಳಿಜಾರನ್ನು ಹಿಡಿದು ಮೇಲೇರುತ್ತದೆ. ಸಂಜೆ ತಣಿದು ಭಾರವಾದ ಗಾಳಿ ನೀರಿನಂತೆ ಕಣಿವೆಗೆ ಇಳಿಯುತ್ತದೆ. ಆದುದರಿಂದ ಬೆಳಗ್ಗೆ ಜಿಂಕೆಯ ಹಾದಿಗಿಂತ ಮೇಲೆ, ಸಂಜೆ ಅದಕ್ಕಿಂತ ಕೆಳಗೆ ಕುಳಿತವನ ವಾಸನೆ ಜಿಂಕೆಗೆ ತಲುಪುವುದು ಕಡಿಮೆ. ಒಂದೇ ಕಾಗದದಲ್ಲಿ ಭೂಗೋಳ, ಪ್ರಾಣಿಶಾಸ್ತ್ರ, ಭೌತಶಾಸ್ತ್ರ ಮೂರೂ ಸೇರಿದುದನ್ನು ವಾಚಕರು ಗಮನಿಸಬೇಕು.

ಆದರೂ ನಕ್ಷೆ ಹೇಳುವುದು ಊಹೆಯನ್ನೇ ಹೊರತು ತೀರ್ಪನ್ನಲ್ಲ. 15 ಅಡಿ ಎತ್ತರದ ಬಂಡೆಯೊಂದು ಎರಡು ಗೆರೆಗಳ ನಡುವೆ ಅಡಗಿಬಿಡಬಹುದು. ಈ ವರ್ಷ ಯಾವ ಓಕ್ ಮರ ಕಾಯಿ ಉದುರಿಸಿದೆ, ಯಾರು ಹೊಸದಾಗಿ ಬೇಲಿ ಹಾಕಿದ್ದಾರೆ ಎಂಬುದು ಕಾಗದದಲ್ಲಿಲ್ಲ. ಬೇಟೆಗಾರನು ಕಾಡಿಗೆ ನಡೆದು, ಹೆಜ್ಜೆಗುರುತು, ಹಿಕ್ಕೆ, ಮರದ ತೊಗಟೆಗೆ ಕೊಂಬು ಉಜ್ಜಿದ ಗಾಯ ಇವುಗಳನ್ನು ಕಂಡ ಮೇಲೆಯೇ ಅಟ್ಟಣೆ ಕಟ್ಟುತ್ತಾನೆ. ಊಹಿಸುವುದು, ಪರೀಕ್ಷಿಸುವುದು, ತಪ್ಪಿದ್ದರೆ ತಿದ್ದಿಕೊಳ್ಳುವುದು: ವಿಜ್ಞಾನದ ಮಾರ್ಗ ಇದಲ್ಲದೆ ಬೇರೆ ಯಾವುದು?

ನಮ್ಮಲ್ಲಿ 1767ರಿಂದ ಭಾರತೀಯ ಸರ್ವೇಕ್ಷಣ ಇಲಾಖೆಯಿದೆ. ಅದರ 1:50,000 ಪ್ರಮಾಣದ ನಕ್ಷೆಗಳಿವೆ. ನಮ್ಮ ವಿದ್ಯಾರ್ಥಿಗಳೋ ಸಮೋನ್ನತಿ ರೇಖೆಗಳನ್ನು ಪರೀಕ್ಷೆಯ ಅಂಕಗಳಿಗಾಗಿ ಬರೆದು, ಪರೀಕ್ಷೆ ಮುಗಿದೊಡನೆ ಮರೆಯುತ್ತಾರೆ. ಕೈಯಲ್ಲಿರುವ ಫೋನು ದಾರಿ ತೋರಿಸುವಾಗ ಗೆರೆಗಳೇಕೆ ಎಂದು ಅವರು ಕೇಳಬಹುದು. ಫೋನು ದಾರಿಯನ್ನು ತೋರಿಸೀತು. ಆ ದಾರಿ ಅಲ್ಲಿಯೇ ಏಕೆ ಬಂತು ಎಂಬುದನ್ನು ತಿಳಿಯಬೇಕಾದವರು ನಾವೇ. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಹುಲಿಗಳ ಹಾದಿಯಲ್ಲಿ ಕ್ಯಾಮೆರಾಗಳನ್ನಿರಿಸಿ, ಪಟ್ಟೆಗಳಿಂದ ಒಂದೊಂದನ್ನೂ ಗುರುತಿಸಿ, ಅವುಗಳ ಸಂಖ್ಯೆಯನ್ನು ಅಂದಾಜು ಮಾಡುವ ವಿಧಾನವನ್ನು 1995ರಲ್ಲಿ ಪ್ರಕಟಿಸಿದರು. ಪ್ರಾಣಿ ಎಲ್ಲಿ ನಡೆಯುತ್ತದೆಂಬ ಅರಿವು ಕೊಲ್ಲುವವನಿಗೆ ಬೇಕಾದಂತೆಯೇ ಕಾಯುವವನಿಗೂ ಬೇಕು.

ಆದುದರಿಂದ ಪ್ರತಿ ಶಾಲೆಯೂ ತನ್ನ ಊರಿನ ನಕ್ಷೆಯೊಂದನ್ನು ತರಿಸಿಕೊಳ್ಳಲಿ. ಹತ್ತಿರದ ಗುಡ್ಡದಲ್ಲಿ ದನಗಳ ಕಾಲುದಾರಿ ಎಲ್ಲಿ ದಾಟೀತೆಂದು ವಿದ್ಯಾರ್ಥಿಗಳು ಮೊದಲು ಗೆರೆಗಳಲ್ಲಿ ಗುರುತು ಹಾಕಲಿ. ಅನಂತರ ನಡೆದು ಹೋಗಿ ನೋಡಲಿ. ಊಹೆ ಸರಿಯಾದರೆ ಸಂತೋಷ. ತಪ್ಪಾದರೆ ಕಲಿಯುವುದಕ್ಕೆ ಇನ್ನಷ್ಟು ಉಳಿಯಿತು.