ಎಂಜಿನ್ನಿಗೆ ಡೀಸೆಲು, ಕಲಾಸಿಗೆ ಹರಕು ಪ್ಲಾಸ್ಟಿಕ್ಕು

ಮೀನುಗಾರಿಕೆ ಬೋಟಿನ ಲೆಕ್ಕದ ಚೀಟಿಯನ್ನು ಗಿರಣಿಯ ಬಾಂಧವರು ಒಮ್ಮೆ ನೋಡಬೇಕು. ನಿಮ್ಮ ಸಂಬಳದ ಚೀಟಿಗಿಂತ ಅದು ಸ್ವಾರಸ್ಯವಾಗಿದೆ. ಮಂಗಳೂರಿನ ಧಕ್ಕೆಯಿರಲಿ, ಮಲ್ಪೆಯಿರಲಿ, ಮೀನು ಹರಾಜಾದ ಮೇಲೆ ಬಂದ ಹಣದಲ್ಲಿ ಮೊದಲು ಬೋಟಿನ ಖರ್ಚನ್ನು ಕಳೆಯುತ್ತಾರೆ: ಡೀಸೆಲು, ಮಂಜುಗಡ್ಡೆ, ಅಕ್ಕಿ ಬೇಳೆ. ಉಳಿದದ್ದರಲ್ಲಿ ಮಾಲೀಕನಿಗಿಷ್ಟು, ತಾಂಡೇಲನಿಗಿಷ್ಟು, ಕಲಾಸಿಗಳಿಗಿಷ್ಟು ಎಂದು ಪಾಲು. ಮಂಜುಗಡ್ಡೆ ಮೀನು ಕೆಡದಿರಲೆಂದು, ಡೀಸೆಲು ಎಂಜಿನ್ನು ನಿಲ್ಲದಿರಲೆಂದು. ರಾತ್ರಿಯಿಡೀ ತೆರೆಯ ಎರಚಲಿಗೆ ಎದೆಯೊಡ್ಡಿ ಬಲೆ ಎಳೆಯುವವನ ಮೈಮೇಲಿನ ಕೋಟು ಮಾತ್ರ ಈ ಖರ್ಚಿನಲ್ಲಿ ಸಾಮಾನ್ಯವಾಗಿ ಸೇರುವುದಿಲ್ಲ. ಅದು ಅವನ ಸ್ವಂತದ್ದಂತೆ! ಕೋಟು ಒದಗಿಸುವ ಮಾಲೀಕರಿದ್ದರೆ ಅವರಿಗೆ ನಮಸ್ಕಾರ. ಈ ಮಾತು ಅವರ ಕುರಿತಲ್ಲ.

"ಮಳೆಗಾಲದಲ್ಲಿ ಬೋಟು ದಡದಲ್ಲಿರುತ್ತದಲ್ಲ, ಕೋಟೇಕೆ?" ಎಂದು ಕೇಳುವವರಿದ್ದಾರೆ. ಯಾಂತ್ರಿಕ ಬೋಟುಗಳಿಗೆ ನಿಷೇಧವಿರುವುದು ಜೂನ್ 1ರಿಂದ ಜುಲೈ 31ರ ತನಕ, 61 ದಿನ. ಆಗಸ್ಟಿನಲ್ಲಿ ಮಳೆ ನಿಂತುಬಿಡುತ್ತದೆಯೇ? 2017ರ ಓಖಿ ಚಂಡಮಾರುತ ಬಂದದ್ದು ನವೆಂಬರ್ ಕೊನೆಗೆ. ನಾಡದೋಣಿಯವರಂತೂ ಸುರಿಯುವ ಮಳೆಯಲ್ಲೇ ಕಡಲಿಗಿಳಿಯುತ್ತಾರೆ. ಮಳೆಯಿಲ್ಲದ ದಿನವೂ ಉಪ್ಪುನೀರು ಇದ್ದೇ ಇದೆ. ಒದ್ದೆ ಬಟ್ಟೆಯ ಮೇಲೆ ಗಾಳಿ ಬೀಸಿದರೆ ಮೈಶಾಖ ಇಳಿಯುತ್ತದೆ. ಉಪ್ಪು ಹಿಡಿದ ಬಟ್ಟೆ ಉಜ್ಜಿ ಕುತ್ತಿಗೆಯಲ್ಲಿ, ಮಣಿಕಟ್ಟಿನಲ್ಲಿ ಹುಣ್ಣೇಳುತ್ತದೆ. ಬೆರಳು ಮರಗಟ್ಟಿದವನು ಓಡುವ ವಿಂಚಿನ ಮುಂದೆ ನಿಂತರೆ ಏನಾಗಬಹುದೆಂದು ಯಂತ್ರದ ಬಳಿ ದುಡಿಯುವ ನಿಮಗೆ ನಾವು ಹೇಳಬೇಕಾಗಿಲ್ಲ.

ಹಾಗಾದರೆ ಎಂಥ ಕೋಟು? ಅಂಗಡಿಯ ಬಾಗಿಲಲ್ಲಿ ತೂಗುವ ತೆಳು ಪ್ಲಾಸ್ಟಿಕ್ಕಿನದು ಬೈಸಿಕಲ್ಲಿನಲ್ಲಿ ಮನೆಗೆ ಹೋಗುವವನಿಗೆ ಸಾಕು. ಬಲೆಯ ಹಗ್ಗ ಎರಡು ಸಲ ತಾಗಿದರೆ ಅದು ಹರಿದುಹೋಗುತ್ತದೆ. ಬೋಟಿಗೆ ಬೇಕಾದದ್ದು ಗಟ್ಟಿ ನೇಯ್ಗೆಯ ಬಟ್ಟೆಯ ಮೇಲೆ ಪಿವಿಸಿ ಲೇಪಿಸಿದ ಕೋಟು. ಒಳಮಗ್ಗುಲು ತಿರುವಿ ನೋಡಿ: ಬಟ್ಟೆ ಕಾಣದಿದ್ದರೆ ಅದು ಬರಿಯ ಹಾಳೆ. ಅನಂತರ ಜೋಡಣೆ ನೋಡಿ. ಸೂಜಿ ಹಾಕಿದಲ್ಲೆಲ್ಲ ತೂತು, ತೂತಿದ್ದಲ್ಲೆಲ್ಲ ನೀರು. ಆದ್ದರಿಂದ ಅಂಚುಗಳನ್ನು ಕಾಯಿಸಿ ಬೆಸೆದಿರಬೇಕು, ಇಲ್ಲವೆ ಹೊಲಿಗೆಯ ಮೇಲೆ ಪಟ್ಟಿ ಅಂಟಿಸಿರಬೇಕು. ಕಬ್ಬಿಣದ ಗುಂಡಿ ಉಪ್ಪಿಗೆ ತುಕ್ಕು ಹಿಡಿಯುತ್ತದೆ. ಜಿಪ್ಪಿದ್ದರೆ ಅದರ ಮೇಲೆ ಮುಚ್ಚುವ ಮಡಿಕೆ ಇರಬೇಕು. ಜೋತಾಡುವ ಲಾಡಿ ಬೇಡವೇ ಬೇಡ, ಅದು ವಿಂಚಿಗೆ ಸಿಕ್ಕುತ್ತದೆ. ಬಣ್ಣ ಹಳದಿಯೋ ಕಿತ್ತಳೆಯೋ ಆಗಿರಲಿ. ನೀಲಿ ಕೋಟಿನವನು ನೀಲಿ ನೀರಿಗೆ ಬಿದ್ದರೆ ಹುಡುಕುವುದು ಹೇಗೆ?

ನಮ್ಮ ಗದ್ದೆಯ ಹೆಂಗಸರು ಗೊರಬೆ ಮಾಡಿಕೊಂಡದ್ದು ಬಾಗಿ ನಾಟಿ ಮಾಡುವ ಬೆನ್ನಿಗೆ ಹೊಂದುವಂತೆ. ಕಲಾಸಿಗೆ ನೀರು ಬಡಿಯುವುದು ಎದೆಗೆ, ಮುಂಗೈಗೆ. ಅವನಿಗೆ ಎದೆಯ ತನಕ ಏರಿ ಹೆಗಲಪಟ್ಟಿಯಲ್ಲಿ ನಿಲ್ಲುವ ಪ್ಯಾಂಟು ಬೇಕು. ತೋಳಿನೊಳಗೆ ಬಿಗಿಯುವ ಇನ್ನೊಂದು ತುದಿ ಬೇಕು. ಬೆವರಿನ ಆವಿಯನ್ನು ಹೊರಬಿಡುವ ದುಬಾರಿ ಬಟ್ಟೆಯೂ ಉಂಟು. ಅದು ವಿಹಾರನೌಕೆಯ ಧಣಿಗಳಿಗಿರಲಿ; ಮೀನಿನೆಣ್ಣೆ, ಉಪ್ಪು, ಕೊಳೆ ಮೆತ್ತಿದರೆ ಅದರ ಗುಣ ಕುಗ್ಗುತ್ತದೆ. ಪಿವಿಸಿಯನ್ನೂ ಡೀಸೆಲು, ಎಣ್ಣೆ ಬಿರುಸು ಮಾಡುತ್ತವೆ. ಪ್ರತಿ ಸಲವೂ ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು.

ಇದು ಹೊಸ ಜ್ಞಾನವೇನಲ್ಲ. ನಾರ್ವೆಯ ಹೆಲಿ ಯುಯೆಲ್ ಹಾನ್ಸೆನ್ ಎಂಬ ಹಡಗಿನ ಕಪ್ತಾನ 1877ರಲ್ಲಿ ಹೆಂಡತಿಯೊಡನೆ ಒರಟು ನಾರುಬಟ್ಟೆಯನ್ನು ಅಗಸೆ ಎಣ್ಣೆಯಲ್ಲಿ ನೆನೆಸಿ ನಾವಿಕರ ಕೋಟು ಮಾಡಲಾರಂಭಿಸಿದ. ಸ್ವತಃ ನೆನೆದವನು ಮಾಡಿದ ಕೋಟದು.

ಕೋಟಿನ ಸಣ್ಣ ವ್ಯಾಪಾರಿಯನ್ನು ನಾವು ದೂರುವುದಿಲ್ಲ. ಗಿರಾಕಿಯ ಜೇಬು ಕೇಳಿದ್ದನ್ನು ಅವನು ತಂದಿಡುತ್ತಾನೆ. ಅಗ್ಗದ ಕೋಟನ್ನು ವರ್ಷಕ್ಕೆ ಮೂರು ಸಲ ಕೊಳ್ಳುವವನು ಗಟ್ಟಿಯ ಕೋಟಿನ ಬೆಲೆಯನ್ನೇ ತೆತ್ತು ನೆನೆಯುತ್ತಾನೆ. ಒಡಿಶಾದಿಂದ, ಜಾರ್ಖಂಡಿನಿಂದ, ಆಂಧ್ರದಿಂದ ಬಂದ ಹುಡುಗ ಮೊದಲ ಪಾಲು ಕೈಸೇರುವ ಮುನ್ನವೇ ಗಟ್ಟಿಯದನ್ನು ಎಲ್ಲಿಂದ ಕೊಳ್ಳಬೇಕು?

ಸರಕಾರಕ್ಕೆ ಕಡಲಿನ ನೆನಪಿಲ್ಲವೆನ್ನಲಾರೆವು. 2023ರ ಬಜೆಟ್ಟಿನಲ್ಲಿ ರಾಜ್ಯ ಸರಕಾರ ಬೋಟುಗಳ ಕರರಹಿತ ಡೀಸೆಲನ್ನು ಒಂದೂವರೆ ಲಕ್ಷದಿಂದ 2 ಲಕ್ಷ ಕಿಲೋಲೀಟರಿಗೆ ಏರಿಸಿತು. ಅದಕ್ಕೆ ನಮ್ಮ ವಿರೋಧವಿಲ್ಲ. ಎಂಜಿನ್ನಿನ ಹೊಟ್ಟೆಯನ್ನು ಲೀಟರಿನಲ್ಲಿ ಅಳೆದವರು ಮನುಷ್ಯನ ಬೆನ್ನನ್ನು ಗೇಣಿನಲ್ಲಾದರೂ ಅಳೆಯಲಿ ಎನ್ನುತ್ತೇವೆ.

ಕಾನೂನಿನ ಕಥೆಯೂ ಹೊಲಿಗೆ ಬಿಟ್ಟ ಕೋಟಿನಂತೆ. 1948ರ ಕಾರ್ಖಾನೆ ಕಾಯ್ದೆಯ 35ನೇ ಕಲಮು ಕಣ್ಣಿಗೆ ಅಪಾಯವಿರುವ ಕೆಲಸಕ್ಕೆ ಕನ್ನಡಕ ಕೊಡಿಸುವ ನಿಯಮ ಮಾಡಲು ಸರಕಾರಗಳಿಗೆ ಅಧಿಕಾರ ಕೊಟ್ಟಿತು. ಕಡಲಿನವರಿಗಾಗಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2007ರಲ್ಲಿ 188ನೇ ಒಡಂಬಡಿಕೆ ಮಾಡಿತು. 2017ರಲ್ಲಿ ಅದು ಜಾರಿಗೆ ಬಂತು. ರಕ್ಷಣೆಯ ಉಡುಪನ್ನು ಮಾಲೀಕನೇ ಒದಗಿಸಬೇಕೆಂದು ಅದರ 32ನೇ ವಿಧಿ ಹೇಳುತ್ತದೆ. ಭಾರತ ಅದನ್ನು ಅಂಗೀಕರಿಸಿಲ್ಲ. ಅಂಗೀಕರಿಸಿದರೂ ಆ ವಿಧಿ ಮುಖ್ಯವಾಗಿ 24 ಮೀಟರು ಮತ್ತು ಮೇಲ್ಪಟ್ಟ ಹಡಗುಗಳಿಗೆ. ನಮ್ಮ ಹೆಚ್ಚಿನ ಬೋಟುಗಳು ಅಷ್ಟು ಉದ್ದವಿಲ್ಲ. ಬೋಟು ಗಿಡ್ಡವಾದರೆ ತೆರೆಯೂ ಗಿಡ್ಡವಾಗುತ್ತದೆಯೇ?

ನಮ್ಮ ಬೇಡಿಕೆ ಒಂದೇ ಸಾಲಿನದು. ಆಗಸ್ಟ್ 1ಕ್ಕೆ ಬೋಟುಗಳು ಇಳಿಯುವ ಮೊದಲು, ಲೆಕ್ಕದ ಚೀಟಿಯಲ್ಲಿ ಮಂಜುಗಡ್ಡೆಯ ಕೆಳಗೆ, ಪಾಲಿನ ಗೆರೆಯ ಮೇಲೆ, "ತಲೆಗೊಂದು ಕೋಟು, ಒಂದು ಪ್ಯಾಂಟು" ಎಂದು ಬರೆಯಿರಿ.