ಕೆಂಜಾರಿನಿಂದ ಪಡೀಲಿಗೆ ಒಂದು ಬಸ್ಸು

ಕೆಂಜಾರಿನ ಗುಡ್ಡದಲ್ಲಿ ವಿಮಾನ ಇಳಿದವರು ರೈಲು ನಿಲ್ದಾಣಕ್ಕೆ ಹೋಗುವುದು ಹೇಗೆ ಎಂದು ಕೇಳಿದರೆ ಸಿಗುವ ಉತ್ತರಗಳೆಲ್ಲ ವಾಹನದ ಬಗ್ಗೆಯೇ: ಪ್ರಿಪೇಯ್ಡ್ ಟ್ಯಾಕ್ಸಿ, ಆ್ಯಪ್ ಕಾರು, ಬಜ್ಪೆಯಿಂದ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿಗೆ ಹೋಗುವ ಸಿಟಿ ಬಸ್ಸು. ಯಾವ ನಿಲ್ದಾಣ ಎಂಬ ಮರುಪ್ರಶ್ನೆ ಬರುವುದೇ ಇಲ್ಲ. ನಿಲ್ದಾಣ ಎಂದರೆ ಮಂಗಳೂರು ಸೆಂಟ್ರಲ್ ಎಂದೇ ಎಲ್ಲರ ಲೆಕ್ಕ. ಮಂಗಳೂರಿನವರಿಗೆ ಆ ಲೆಕ್ಕ ಸರಿಯಿರಬಹುದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳವರಿಗೆ ಅದು ಸರಿಹೊಂದುವುದಿಲ್ಲ. ಈ ಮೂರರಲ್ಲಿ ರೈಲು ನಿಲ್ಲುವುದು ಬಂಟ್ವಾಳದಲ್ಲಿ ಮಾತ್ರ. ಉಳಿದೆರಡು ಪೇಟೆಗಳಿಗೆ ಹಳಿಯೇ ಇಲ್ಲ. ಧರ್ಮಸ್ಥಳಕ್ಕೆ ಬರುವ ಯಾತ್ರಿಕರು, ಮೂಡುಬಿದಿರೆಯ ಹಾಸ್ಟೆಲುಗಳಲ್ಲಿರುವ ಹೊರರಾಜ್ಯದ ವಿದ್ಯಾರ್ಥಿಗಳು, ಗಲ್ಫಿನಿಂದ ರಜೆಗೆ ಬರುವವರು, ಇವರೆಲ್ಲರೂ ವಿಮಾನವನ್ನೂ ರೈಲನ್ನೂ ರಸ್ತೆಯಿಂದಲೇ ಹೋಗಿ ಹಿಡಿಯಬೇಕು. ಅವರ ಮಟ್ಟಿಗೆ ಸರಿಯಾದ ನಿಲ್ದಾಣ ಪಡೀಲಿನ ಮಂಗಳೂರು ಜಂಕ್ಷನ್. ವಿಮಾನ ನಿಲ್ದಾಣದಿಂದ ಅಲ್ಲಿಗೆ ಗುರುಪುರ ಕೈಕಂಬದ ದಾರಿಯಾಗಿ ಸಮಯ ತಪ್ಪದ ಒಂದು ಬಸ್ಸು ಬೇಕು ಎಂಬುದು ನನ್ನ ವಾದ.

ಜಾಗದ ನಕ್ಷೆಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿ. ಮೂಡುಬಿದಿರೆಯ ಹೆದ್ದಾರಿ ಎಡಪದವು, ಗುರುಪುರ ಕೈಕಂಬ, ವಾಮಂಜೂರು, ಕುಲಶೇಖರ ದಾಟಿ ಬಿಕರ್ನಕಟ್ಟೆಗೆ ಬರುತ್ತದೆ. ಬೆಳ್ತಂಗಡಿಯ ರಸ್ತೆ ಪುಂಜಾಲಕಟ್ಟೆ, ಬಂಟ್ವಾಳಗಳ ಮೂಲಕ ಬಿ.ಸಿ.ರೋಡಿಗೆ ಇಳಿದು ಫರಂಗಿಪೇಟೆ ದಾಟಿ ಪಡೀಲಿಗೆ ಬರುತ್ತದೆ. ಬಿಕರ್ನಕಟ್ಟೆಯಿಂದ ಮರೋಳಿಯಾಗಿ ಪಡೀಲಿಗೆ ಹೆದ್ದಾರಿಯೇ ಇದೆ. ಅಂದರೆ ಮೂರೂ ತಾಲೂಕುಗಳ ದಾರಿಗಳು ನಗರದೊಳಗೆ ಕಾಲಿಡುವ ಮುನ್ನವೇ ಜಂಕ್ಷನ್ನಿನ ಹತ್ತಿರ ಕೂಡುತ್ತವೆ. ಸೆಂಟ್ರಲ್ ಇರುವುದು ಹಂಪನಕಟ್ಟೆಯ ಆಚೆ. 1907ರಲ್ಲಿ ಮದ್ರಾಸಿನ ಕಡೆಯಿಂದ ಬಂದ ಹಳಿ ಅಲ್ಲಿ ಕೊನೆಗೊಂಡಿದ್ದರಿಂದ ಅದು ಅಲ್ಲಿದೆ. ಆಮೇಲೆ 1979ರಲ್ಲಿ ಹಾಸನದ ಹಳಿ ಬಂತು, 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ತೆರೆಯಿತು. ಇವತ್ತು ಮಂಗಳಾ ಲಕ್ಷದ್ವೀಪ, ನೇತ್ರಾವತಿಯಂಥ ದೂರದ ಗಾಡಿಗಳು ಸೆಂಟ್ರಲಿನ ಗೊಡವೆಗೆ ಹೋಗದೆ ಜಂಕ್ಷನ್ನಿನಲ್ಲೇ ನಿಂತು ಮುಂದೆ ಸಾಗುತ್ತವೆ. ರೈಲುಗಳು ದಾರಿ ಬದಲಿಸಿಕೊಂಡರೂ ಬಸ್ಸುಗಳು ಮಾತ್ರ ಸ್ಟೇಟ್‌ಬ್ಯಾಂಕನ್ನು ಬಿಟ್ಟು ಕದಲಿಲ್ಲ. ವಿಮಾನ ನಿಲ್ದಾಣಕ್ಕೆ ಕೆಎಸ್‌ಆರ್‌ಟಿಸಿ ಬಸ್ಸು ಓಡಿಸಿದ ಪ್ರಯತ್ನಗಳೂ ಆಗಿವೆ. ಅವುಗಳ ಮುಖ ಇದ್ದದ್ದು ನಗರದ ಕಡೆಗೆ ಅಥವಾ ಮಣಿಪಾಲದ ಕಡೆಗೆ.

ಇನ್ನು ನದಿಯ ವಿಷಯ. ಟ್ಯಾಕ್ಸಿಯೋ ಬಸ್ಸೋ ಎಂದು ಚರ್ಚಿಸುವವರು ಇದನ್ನು ಮರೆಯುತ್ತಾರೆ. ವಿಮಾನ ನಿಲ್ದಾಣ ಫಲ್ಗುಣಿಯ ಬಡಗು ದಡದಲ್ಲಿದೆ. ಸೆಂಟ್ರಲ್, ಜಂಕ್ಷನ್, ಬಂಟ್ವಾಳ ಮೂರೂ ನಿಲ್ದಾಣಗಳು ತೆಂಕು ದಡದಲ್ಲಿವೆ. ಯಾವ ಗಾಡಿ ಹತ್ತಿದರೂ ಸೇತುವೆ ದಾಟದೆ ಗತಿಯಿಲ್ಲ. 2021ರ ಜೂನ್‌ನಲ್ಲಿ ಮರವೂರು ಸೇತುವೆಯ ಕಂಬ ಕುಸಿದು ಸಂಚಾರ ನಿಂತಾಗ ಕಾವೂರಿನ ನೇರ ದಾರಿ ಒಂದೇ ದಿನದಲ್ಲಿ ಇಲ್ಲವಾಯಿತು. ಕಾರುಗಳು ಕೈಕಂಬ ಸುತ್ತಿ ಹೋಗಬೇಕಾಯಿತು. ಪೊಳಲಿಯ ಮೂಲಕ ಬಿ.ಸಿ.ರೋಡಿಗೆ ಹೋಗುವ ಒಳದಾರಿ ಬಂಟ್ವಾಳದವರಿಗೆ ಎಲ್ಲಕ್ಕಿಂತ ಹತ್ತಿರ. ಆದರೆ 2024ರ ಮಳೆಗಾಲದಲ್ಲಿ ಅಡ್ಡೂರು ಸೇತುವೆಯ ಮೇಲೆ ಘನ ವಾಹನಗಳನ್ನು ನಿಷೇಧಿಸಿದರು. ನಡುವೆ ಇರುವ ಗುರುಪುರದಲ್ಲಿ ಹಳೆಯ ಸೇತುವೆಯ ಪಕ್ಕ ಹೊಸದು 2020ರಲ್ಲೇ ತೆರೆದಿದೆ. ಬಿಕರ್ನಕಟ್ಟೆಯಿಂದ ಸಾಣೂರಿನವರೆಗೆ ಸುಮಾರು 45 ಕಿಲೋಮೀಟರಿನ ಚತುಷ್ಪಥ ಕಾಮಗಾರಿಯೂ ಇದೇ ದಾರಿಯಲ್ಲಿದೆ. ರೈಲು ಹಿಡಿಯಬೇಕಾದವನಿಗೆ ಹತ್ತಿರದ ದಾರಿಗಿಂತ ಕೈಕೊಡದ ದಾರಿ ಮುಖ್ಯ.

ಕೈಕಂಬದ ಮೂಲಕ ಸುತ್ತಿದರೆ ದೂರ ಹೆಚ್ಚಾಗುವುದಿಲ್ಲವೇ ಎಂದು ಕೇಳಬಹುದು. ಹೆಚ್ಚಾಗುತ್ತದೆ, ಸಂಶಯವಿಲ್ಲ. ಆದರೆ ಕಾವೂರು, ಬೋಂದೆಲ್ ದಾಟಿ ಹೋಗುವ ಬಸ್ಸು ಕೆಪಿಟಿ ವೃತ್ತ, ನಂತೂರು ವೃತ್ತ ಎರಡನ್ನೂ ಹಾಯಬೇಕು. ಸಂಜೆ ಆ ಎರಡು ಕಡೆ ಎಷ್ಟು ಹೊತ್ತು ನಿಲ್ಲಬೇಕಾಗುತ್ತದೆ ಎಂದು ಯಾವ ಚಾಲಕನೂ ಖಾತ್ರಿಯಾಗಿ ಹೇಳಲಾರ. ಅದಕ್ಕಿಂತ ದೊಡ್ಡ ಮಾತು, ಬಸ್ಸು ಕೈಕಂಬಕ್ಕೆ ಬಂದರೆ ಮೂಡುಬಿದಿರೆಯವರು ಅಲ್ಲೇ ಇಳಿದು ಊರಿನ ಬಸ್ಸು ಹತ್ತಬಹುದು, ಜಂಕ್ಷನ್ನಿಗೆ ಹೋಗುವವರು ಅಲ್ಲೇ ಏರಬಹುದು. (ಕಂಡಕ್ಟರ್ ಹತ್ತಿರ ಗುರುಪುರ ಕೈಕಂಬ ಎಂದು ಬಿಡಿಸಿ ಹೇಳಬೇಕಷ್ಟೇ, ಬಿಕರ್ನಕಟ್ಟೆಯಲ್ಲೊಂದು, ಬಿ.ಸಿ.ರೋಡಿನಲ್ಲೊಂದು ಕೈಕಂಬ ಇದೆ.) ಪಡೀಲಿನಲ್ಲಿ ಬಂಟ್ವಾಳ, ಬೆಳ್ತಂಗಡಿ, ಧರ್ಮಸ್ಥಳದ ಬಸ್ಸುಗಳು ಸಿಗುತ್ತವೆ. ಒಂದೇ ಬಸ್ಸು ಮೂರು ತಾಲೂಕಿಗೂ ಒದಗುತ್ತದೆ. ಈಗ ಬೆಳ್ತಂಗಡಿಯವನೊಬ್ಬ ಬಜ್ಪೆಯಲ್ಲಿ ದೊಡ್ಡ ಸೂಟ್‌ಕೇಸ್ ಹಿಡಿದು ಸಿಟಿ ಬಸ್ಸು ಹತ್ತಿ, ‘ಪಿರ ಪೋಲೆ, ಪಿರ ಪೋಲೆ’ (ಹಿಂದೆ ಹೋಗಿ) ಎನ್ನುವ ಕಂಡಕ್ಟರನ ಕಣ್ಣಿಗೆ ಗುರಿಯಾಗಿ, ಸ್ಟೇಟ್‌ಬ್ಯಾಂಕಿನಲ್ಲಿ ಇಳಿದು, ಪಡೀಲಿನ ಕಡೆಗೇ ವಾಪಸ್ಸು ಬರುವ ಇನ್ನೊಂದು ಬಸ್ಸು ಹತ್ತುತ್ತಾನೆ. ಅಷ್ಟು ಸುತ್ತುವ ಬದಲು ಟ್ಯಾಕ್ಸಿಗೆ ದುಡ್ಡು ಸುರಿಯುವವನನ್ನು ದುಂದುಗಾರ ಎನ್ನಲಾಗದು.

ಟ್ಯಾಕ್ಸಿಯ ಪರವಾಗಿ ಹೇಳಬೇಕಾದ್ದೂ ಇದೆ. ನಾಲ್ಕು ಜನರ ಕುಟುಂಬ, ಕೈತುಂಬ ಸಾಮಾನು, ಜೊತೆಗೆ ವಯಸ್ಸಾದವರು ಇದ್ದರೆ ಕಾರೇ ಸರಿ. ಬಾಡಿಗೆಯನ್ನು ನಾಲ್ಕು ಪಾಲು ಮಾಡಿದರೆ ವ್ಯತ್ಯಾಸ ಅಷ್ಟೇನೂ ಉಳಿಯುವುದಿಲ್ಲ. ನಡುರಾತ್ರಿಯ ವಿಮಾನಕ್ಕೂ ಅದೇ ಮಾತು. ಬಸ್ಸು ಬಂದರೆ ಟ್ಯಾಕ್ಸಿಯವರ ಅನ್ನಕ್ಕೆ ಕಲ್ಲು ಬೀಳುತ್ತದೆ ಎಂಬ ಆಕ್ಷೇಪಕ್ಕೂ ಉತ್ತರ ಇಲ್ಲಿಯೇ ಇದೆ: ಒಂಟಿ ಪ್ರಯಾಣಿಕ ಬಸ್ಸಿಗೆ ಹೋಗುತ್ತಾನೆ, ಕುಟುಂಬ ಕಾರಿಗೇ ಬರುತ್ತದೆ. ನಾರಾವಿಗೋ ಕೊಕ್ಕಡಕ್ಕೋ ಹೋಗುವ ಕೊನೆಯ ಹತ್ತಾರು ಮೈಲಿಗೆ ಜೀಪು, ರಿಕ್ಷಾ ಬೇಕೇ ಬೇಕು.

ಬಸ್ಸು ಖಾಲಿ ಓಡುತ್ತದೆ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಬೆಂಗಳೂರಿನ ಉದಾಹರಣೆ ನೋಡಿ. 2021ರ ಜನವರಿಯಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆಂದೇ ರೈಲ್ವೆ ಹಾಲ್ಟ್ ತೆರೆದರು. ಗಾಡಿಗಳು ಬೆರಳೆಣಿಕೆಯಷ್ಟಿದ್ದು, ಅವುಗಳ ವೇಳೆ ವಿಮಾನಗಳಿಗೆ ಹೊಂದದೆ ಜನ ಅತ್ತ ತಲೆ ಹಾಕಲಿಲ್ಲ. ದುಬಾರಿಯಾದರೂ ವಾಯುವಜ್ರ ಬಸ್ಸು ತುಂಬಿತು, ಏಕೆಂದರೆ ಒಂದು ತಪ್ಪಿದರೆ ಇನ್ನೊಂದು ಬರುತ್ತದೆ ಎಂಬ ನಂಬಿಕೆ ಅದರಲ್ಲಿತ್ತು. ನಮ್ಮಲ್ಲಿ ಅಷ್ಟು ವಿಮಾನಗಳಿಲ್ಲ, ನಿಜ. ಅದಕ್ಕೇ ಈ ಬಸ್ಸು ವಿಮಾನದವರನ್ನೇ ನಂಬಿ ಕೂರಬಾರದು. ಬಜ್ಪೆ, ಕೈಕಂಬ, ವಾಮಂಜೂರಿನ ದಿನನಿತ್ಯದ ಪ್ರಯಾಣಿಕರು, ವಿಮಾನ ನಿಲ್ದಾಣದ ನೌಕರರು ಹತ್ತುವ ಸಾಮಾನ್ಯ ಬಸ್ಸಾಗಿರಬೇಕು. ಸಾಮಾನು ಇಡಲು ಹಿಂದೆ ಎರಡು ಸೀಟು ಕಿತ್ತರೆ ಸಾಕು. ವೋಲ್ವೊ ಬೇಡ. ಕೆಎಸ್‌ಆರ್‌ಟಿಸಿಯ ಸಾಮಾನ್ಯ ಬಸ್ಸಾದರೆ 2023ರ ಶಕ್ತಿ ಯೋಜನೆಯ ಉಪಯೋಗ ಹೆಣ್ಣುಮಕ್ಕಳಿಗೆ ಸಿಗುತ್ತದೆ. ಖಾಸಗಿ ಬಸ್ಸುಗಳೇ ಜಾಸ್ತಿ ಇರುವ ಈ ಜಿಲ್ಲೆಯಲ್ಲಿ ಆ ಉಪಯೋಗ ಹಲವು ದಾರಿಗಳಲ್ಲಿ ಹೆಸರಿಗಷ್ಟೇ ಇದೆ.

ಯಾರನ್ನು ಕೇಳಬೇಕು ಎಂಬಲ್ಲೇ ಗಂಟು. ಮಂಗಳೂರಿನ ಎರಡು ನಿಲ್ದಾಣಗಳು ಪಾಲಕ್ಕಾಡ್ ವಿಭಾಗದ ಕೆಳಗಿವೆ, ಬಂಟ್ವಾಳ ಮೈಸೂರು ವಿಭಾಗಕ್ಕೆ ಸೇರಿದೆ, ತೋಕೂರಿನಿಂದ ಆಚೆಗೆ ಕೊಂಕಣ ರೈಲ್ವೆ. ವಿಮಾನ ನಿಲ್ದಾಣ 2020ರಿಂದ ಅದಾನಿ ಸಂಸ್ಥೆಯ ಕೈಯಲ್ಲಿದೆ. ಇವರೆಲ್ಲರೂ ಒಂದು ಮೇಜಿನ ಸುತ್ತ ಕೂರುವವರೆಗೆ ಕಾಯುವ ಅಗತ್ಯವಿಲ್ಲ. ಬಸ್ಸಿನ ಪರ್ಮಿಟ್ ಕೊಡುವುದು, ಟೈಮಿಂಗ್ ನಿಗದಿಪಡಿಸುವುದು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಮೂರು ತಾಲೂಕುಗಳ ಶಾಸಕರು ಅಲ್ಲಿಗೆ ಒಂದೇ ಅರ್ಜಿ ಕೊಡಬಹುದು: ಬೆಳಗ್ಗೆಯ ವಿಮಾನಗಳು ಇಳಿದ ಮೇಲೊಂದು, ಮಧ್ಯಾಹ್ನ ಒಂದು, ಬೆಂಗಳೂರಿನ ರಾತ್ರಿ ರೈಲಿಗೆ ಮೊದಲು ಒಂದು. ಆ ಕೊನೆಯ ಟ್ರಿಪ್ಪನ್ನು ಪಡೀಲಿನಲ್ಲಿ ನಿಲ್ಲಿಸದೆ ಬಿ.ಸಿ.ರೋಡಿನವರೆಗೂ ಬಿಟ್ಟರೆ ಬಂಟ್ವಾಳ ನಿಲ್ದಾಣದಲ್ಲೇ ರೈಲು ಹತ್ತಬಹುದು. ಆರಂಭಿಸುವುದಾದರೆ ಜೂನ್‌ನಲ್ಲೇ ಆರಂಭಿಸಲಿ. ಬೇಸಿಗೆಯಲ್ಲಿ ಸಮಯಕ್ಕೆ ಓಡಿದ ಬಸ್ಸಿನಿಂದ ಈ ಜಿಲ್ಲೆಯಲ್ಲಿ ಏನೂ ಸಾಬೀತಾಗುವುದಿಲ್ಲ.